ಸಂಕ್ರಾಂತಿ ಆದ ಮೇಲೆ ಹೋದವರ ಸ್ಟಾರ್

ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಚಿಂತಾಮಣಿಯ ನಮ್ಮ ಮನೆಗೆ ಒಬ್ಬ ಹುಡುಗ ಬಂದ. ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ. ರಾತ್ರಿ ಪಾಳಿ ಮುಗಿಸಿ ಸೀದಾ ಬಂದಿದ್ದ. ಕೈಯಲ್ಲಿ ಹಳೆಯ ಬಿಸ್ಕತ್ ಡಬ್ಬ. ಕಣ್ಣು ಕೆಂಪಗಿತ್ತು. ಕೂತ್ಕೋ ಅಂದರೂ ಕೂರಲಿಲ್ಲ.

"ಸಾರ್, ನಮ್ಮ ತಾತನ ಮೆಡಲ್ ಸುಳ್ಳು ಅಂತಿದ್ದಾರೆ. ನೀವೇ ನೋಡಿ ಹೇಳಿ" ಅಂದ.

ನಾನು ಸೈನ್ಯದಲ್ಲಿ 24 ವರ್ಷ ಕ್ಲರ್ಕ್ ಆಗಿದ್ದವನು. ರಜೆ, ಬಡ್ತಿ, ಮೆಡಲ್, ಪಿಂಚಣಿ, ಎಲ್ಲದರ ಕಾಗದವೂ ನನ್ನ ಮೇಜು ದಾಟಿಯೇ ಹೋಗುತ್ತಿತ್ತು. ಊರಿಗೆ ಬಂದ ಮೇಲೂ ಸುತ್ತಲಿನ ಮಾಜಿ ಸೈನಿಕರು, ಅವರ ಮನೆಯವರು ಕಾಗದಪತ್ರ ಹಿಡಿದು ಬರುತ್ತಾರೆ. ಗೊತ್ತಿದ್ದಷ್ಟು ಮಾಡಿಕೊಡುತ್ತೇನೆ. ಅಂಥ ಕೆಲಸಗಳನ್ನು ಬರೆದಿಡುವ ಅಭ್ಯಾಸ ನನಗಿಲ್ಲ. ಇದೊಂದನ್ನು ಮಾತ್ರ ಪೂರ್ತಿ ಬರೆಯಬೇಕು ಅನ್ನಿಸಿತು. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆ ಎಷ್ಟೋ ಮನೆಗಳ ಟ್ರಂಕಿನಲ್ಲಿ ಇಂಥ ಡಬ್ಬಗಳಿವೆ. ಒಳಗಿರುವುದನ್ನು ಓದಲು ಬರುವವರು ಕಡಿಮೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಸೈನ್ಯದ ನಂಬರ್ ಬಿಟ್ಟಿದ್ದೇನೆ.

ಮಾತು ಬಂದದ್ದು ಹೇಗೆ

ಹುಡುಗನ ತಾತ ತೀರಿಕೊಂಡು ಹನ್ನೊಂದು ವರ್ಷ. ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು. ಎಂಇಜಿ ಅಂತೀವಲ್ಲ, ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಸೆಂಟರ್ ಇದೆ, ಅದೇ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲದಲ್ಲಿ ಹೂತ ಸ್ಫೋಟಕ, ಅಂದರೆ ಮೈನ್ ತೆಗೆಯುವುದು ಸ್ಯಾಪರ್‌ಗಳ ಕೆಲಸ. 1963ರಲ್ಲಿ ಭರ್ತಿಯಾಗಿದ್ದರು. ಹಿಂದಿನ ವರ್ಷ ಚೀನಾ ಯುದ್ಧ ಆಗಿ, ಸೈನ್ಯ ದೊಡ್ಡದು ಮಾಡುತ್ತಿದ್ದ ಕಾಲ ಅದು. ನಮ್ಮ ಕಡೆಯಿಂದ ಆಗ ಬಹಳ ಜನ ಹೋದರು. 15 ವರ್ಷ ಮುಗಿಸಿ, ಪಿಂಚಣಿ ತಗೊಂಡು 1978ರಲ್ಲಿ ಊರಿಗೆ ಬಂದರು. ಆಮೇಲೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ. ಇಷ್ಟೇ ಅವರ ಬದುಕು.

ಡಿಸೆಂಬರ್ 16ಕ್ಕೆ ಊರಿನ ಹೈಸ್ಕೂಲಿನಲ್ಲಿ ವಿಜಯ ದಿವಸ ಮಾಡೋಣ, 1971ರ ಯುದ್ಧಕ್ಕೆ ಹೋದವರ ಮನೆಯವರಿಗೆ ಶಾಲು ಹೊದಿಸೋಣ ಅಂತ ಮಾತಾಯಿತು. ಹುಡುಗ ಖುಷಿಯಿಂದ ತಾತನ ಮೆಡಲ್‌ಗಳಿಗೆ ಫ್ರೇಮ್ ಹಾಕಿಸಲು ಹೊರಟ. ಕೆಳಗೆ ಅಂಟಿಸುವ ಚೀಟಿಯನ್ನೂ ಕಂಪ್ಯೂಟರ್‌ನಲ್ಲಿ ಬರೆಸಿದ್ದ: "1971ರ ಯುದ್ಧದಲ್ಲಿ ಢಾಕಾದಲ್ಲಿ ಹೋರಾಡಿ ಶೌರ್ಯ ಪದಕ ಪಡೆದ ವೀರ."

ಆ ಚೀಟಿಯನ್ನು ಅದೇ ಊರಿನ ಇನ್ನೊಬ್ಬ ಮಾಜಿ ಸೈನಿಕರು ನೋಡಿದರು. ನಾಯಕ್ ಅನ್ನುವ ದರ್ಜೆಯಲ್ಲಿ ನಿವೃತ್ತರಾದವರು, ಎಪ್ಪತ್ತೈದು ದಾಟಿದೆ. 1971ರಲ್ಲಿ ಪಂಜಾಬ್ ಗಡಿಯಲ್ಲಿದ್ದವರು. "ಇದು ಸರಿ ಇಲ್ಲ ಕಣಪ್ಪಾ. ನಿಮ್ಮ ತಾತ ಅಲ್ಲಿಗೆ ಹೋಗಿದ್ದು ಸಂಕ್ರಾಂತಿ ಆದ ಮೇಲೆ. ಅವರೇ ನನಗೆ ಹೇಳಿದ್ದರು. ಯುದ್ಧ ಮುಗಿದಿದ್ದು ಡಿಸೆಂಬರ್‌ನಲ್ಲಿ. ಅವರಿಗೆ ಪೂರ್ವಿ ಸ್ಟಾರ್ ಹೇಗೆ ಬರುತ್ತೆ?" ಅಂದರು. ಪೂರ್ವಿ ಸ್ಟಾರ್ ಅಂದರೆ ಆ ಯುದ್ಧದಲ್ಲಿ ಪೂರ್ವದ ಕಡೆ ಇದ್ದವರಿಗೆ ಕೊಟ್ಟ ನಕ್ಷತ್ರದ ಆಕಾರದ ಮೆಡಲ್. ಮೆಡಲ್ ಕೈಗೆ ತಗೊಂಡು ತಿರುಗಿಸಿ ನೋಡಿದರು. ಮಿಕ್ಕ ಐದರಲ್ಲೂ ನಂಬರ್, ಹೆಸರು ಇದೆ. ಸ್ಟಾರ್ ಮೇಲೆ ಏನೂ ಇಲ್ಲ. "ಇದು ಅಂಗಡಿ ಮಾಲು" ಅಂದುಬಿಟ್ಟರು.

ಸಣ್ಣ ಊರು. ಸಂಜೆ ಹೊತ್ತಿಗೆ ಹಾಲಿನ ಡೇರಿ ಹತ್ತಿರ ಅದೇ ಮಾತು.

ಡಬ್ಬದಲ್ಲಿ ಇದ್ದದ್ದು

ಡಬ್ಬ ತೆಗೆದರೆ ನುಸಿಗುಳಿಗೆ ವಾಸನೆ. ಒಂದೇ ಪಟ್ಟಿಗೆ ಹೊಲಿದ ಆರು ಮೆಡಲ್. ರಿಬ್ಬನ್‌ಗಳ ಬಣ್ಣ ಮಾಸಿದೆ. ಮೆಡಲ್‌ಗಳು ಮಾತ್ರ ಫಳಫಳ. ಹುಡುಗ ಹಿಂದಿನ ದಿನ ಹುಣಸೆ ಹುಳಿ ಹಾಕಿ ಉಜ್ಜಿದ್ದನಂತೆ, ದೇವರ ಮನೆಯ ಹಿತ್ತಾಳೆ ಪಾತ್ರೆ ತೊಳೆದ ಹಾಗೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಅಂಚಿನ ಮೇಲಿನ ಅಕ್ಷರ ಬಹಳ ಸಣ್ಣವು. ಉಜ್ಜುತ್ತಾ ಹೋದರೆ ಸವೆದು ಹೋಗುತ್ತವೆ. ಅವು ಹೋದರೆ ಆ ಮೆಡಲ್ ಯಾರದು ಅಂತ ಹೇಳುವ ಗುರುತೇ ಹೋಯಿತು.

ಭೂತಗನ್ನಡಿ ತಗೊಂಡು ಜಗಲಿಯ ಬೆಳಕಿಗೆ ಬಂದೆ. ಒಂದೊಂದೇ ಓದಿದೆ.

ಮೊದಲ ಜಾಗದಲ್ಲಿ ಐದು ಮೂಲೆಯ ಕಂಚಿನ ಬಣ್ಣದ ನಕ್ಷತ್ರ, ಪೂರ್ವಿ ಸ್ಟಾರ್. ಅದರ ಪಕ್ಕ 1965ರ ರಕ್ಷಾ ಮೆಡಲ್. ಆಮೇಲೆ ಸಂಗ್ರಾಮ್ ಮೆಡಲ್. ಆಮೇಲೆ ಸೈನ್ಯ ಸೇವಾ ಮೆಡಲ್, ಅದರ ರಿಬ್ಬನ್ ಮೇಲೆ ಜಮ್ಮು ಕಾಶ್ಮೀರ್ ಅಂತ ಹಿಂದಿಯಲ್ಲಿ ಬರೆದ ಸಣ್ಣ ಲೋಹದ ಪಟ್ಟಿ. ಇದಕ್ಕೆ ಕ್ಲಾಸ್ಪ್ ಅಂತೀವಿ. ಕೊನೆಯಲ್ಲಿ ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, ಮತ್ತು 9 ವರ್ಷದ ಸೇವಾ ಮೆಡಲ್.

ರಕ್ಷಾ ಮೆಡಲ್‌ನ ಅಂಚಿನಲ್ಲಿ ಹೆಸರಿನ ಹಿಂದೆ ಎಸ್‌ಪಿಆರ್ ಅಂತಿತ್ತು. ಅಂದರೆ ಸ್ಯಾಪರ್, ಮೊದಲ ಮೆಟ್ಟಿಲು. ಒಂಬತ್ತು ವರ್ಷದ ಮೆಡಲ್‌ನಲ್ಲಿ ಅದೇ ಹೆಸರಿನ ಹಿಂದೆ ಎನ್‌ಕೆ, ಅಂದರೆ ನಾಯಕ್. ಎರಡು ಮೆಡಲ್‌ನ ನಡುವೆ ಒಬ್ಬ ಮನುಷ್ಯ ಎರಡು ಮೆಟ್ಟಿಲು ಹತ್ತಿದ್ದಾನೆ. ಇದನ್ನು ಹುಡುಗನಿಗೆ ತೋರಿಸಿದೆ. ಅವನು ಭೂತಗನ್ನಡಿ ಬಿಡಲೇ ಇಲ್ಲ.

ಸೇವಾ ಮೆಡಲ್‌ಗಳ ಸಾಲು ಒಂದು ಥರ ಜಾತಕ ಇದ್ದ ಹಾಗೆ. ಗೊತ್ತಿದ್ದವರು ಓದಬಹುದು. 25ನೇ ವರ್ಷದ ಮೆಡಲ್ 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸಿಕ್ಕಿದ್ದು. ಆ ದಿನ ಇವರು ಸೈನ್ಯದಲ್ಲಿದ್ದರು. 9 ವರ್ಷದ್ದು ಇದೆ, 20 ವರ್ಷದ್ದು ಇಲ್ಲ. ಹಾಗಾದರೆ ಇವೆರಡರ ನಡುವೆ ಮನೆಗೆ ಬಂದಿದ್ದಾರೆ. ಸೈನ್ಯ ಸೇವಾ ಮೆಡಲ್ ಬರಬೇಕಾದರೆ ಕಷ್ಟದ ಜಾಗ ಅಂತ ಗೊತ್ತು ಮಾಡಿದ ಕಡೆ ಒಟ್ಟು ಒಂದು ವರ್ಷ ಇರಬೇಕು. ಯಾವ ಜಾಗ ಅಂತ ಕ್ಲಾಸ್ಪ್ ಹೇಳುತ್ತೆ. ಸುಮ್ನೆ ಹೋಗಿ ಬಂದವರಿಗೆ ಅದು ಬರಲ್ಲ. ಜಮ್ಮು ಕಾಶ್ಮೀರದಲ್ಲಿ ಒಟ್ಟು ಒಂದು ವರ್ಷವಾದರೂ ಇದ್ದರು ಅಂತ ಆ ಪಟ್ಟಿ ನೋಡಿಯೇ ಹೇಳಬಹುದು. ಮನೆಯಲ್ಲಿ ಯಾರೂ ಆ ಮೆಡಲ್ ಕಡೆ ನೋಡಿಯೇ ಇರಲಿಲ್ಲ. ಎಲ್ಲರ ಕಣ್ಣೂ ನಕ್ಷತ್ರದ ಮೇಲೆ.

ನಕ್ಷತ್ರವನ್ನು ಹಿಂದೆ ಮುಂದೆ ತಿರುಗಿಸಿದೆ. ಊರಿನ ಆ ನಾಯಕ್ ಹೇಳಿದ್ದು ನಿಜ. ಎಲ್ಲೂ ನಂಬರ್ ಇಲ್ಲ. ಅಂಚು ಸ್ವಲ್ಪ ಒರಟು. ಅಕ್ಷರ ಮಂಕು. ಸರ್ಕಾರ ಕೊಟ್ಟದ್ದಲ್ಲ. ಬೆಂಗಳೂರಿನಲ್ಲಿ ಯೂನಿಫಾರ್ಮ್ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುವ ನಕಲು.

ಹುಡುಗನ ಮುಖ ನೋಡಿ ಸಂಕಟ ಆಯಿತು. ಆದರೆ ಸುಳ್ಳು ಹೇಳುವ ಹಾಗಿರಲಿಲ್ಲ. "ಇದು ನಕಲು. ಅಷ್ಟರಿಂದ ನಿಮ್ಮ ತಾತನಿಗೆ ಈ ಮೆಡಲ್ ಸೇರಲ್ಲ ಅಂತ ಆಗಲ್ಲ. ಅವೆರಡೂ ಬೇರೆ ಬೇರೆ ಪ್ರಶ್ನೆ" ಅಂದೆ.

ಎರಡು ಪ್ರಶ್ನೆ

ಒಂದು: ಸಂಕ್ರಾಂತಿ ಆದ ಮೇಲೆ ಹೋದವರಿಗೆ ಪೂರ್ವಿ ಸ್ಟಾರ್ ಬರುತ್ತಾ? ಎರಡು: ಬರುವುದಾದರೆ, ಇವರಿಗೆ ಬಂದಿತ್ತಾ?

ಮೊದಲನೆಯದಕ್ಕೆ ನಾನು ಬಾಯಿಪಾಠದ ಮೇಲೆ ಉತ್ತರ ಕೊಡಲಿಲ್ಲ. 1971ರ ಮೆಡಲ್‌ಗಳ ಕಾಗದ ನನ್ನ ಕೈಯಲ್ಲಿ ಹಾದವಲ್ಲ, ನಾನು ಸೇರಿದ್ದು ಆಮೇಲೆ. ಆದರೆ ಯಾವ ಮೆಡಲ್‌ಗೆ ಯಾವ ಷರತ್ತು ಅಂತ ಬರೆದುಕೊಂಡ ನೋಟ್‌ಬುಕ್ ಇವತ್ತಿಗೂ ಇಟ್ಟಿದ್ದೇನೆ. ತೆಗೆದು ನೋಡಿದೆ.

ಆ ಯುದ್ಧಕ್ಕೆ ಮುಖ್ಯವಾಗಿ ಮೂರು ಸೇವಾ ಮೆಡಲ್ ಇವೆ. ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್. ಮೂರಕ್ಕೂ ಲೆಕ್ಕ ಶುರುವಾಗುವುದು ಒಂದೇ ದಿನ, 1971ರ ಡಿಸೆಂಬರ್ 3. ಆ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಶ್ಚಿಮದ ವಿಮಾನ ನೆಲೆಗಳ ಮೇಲೆ ಬಾಂಬ್ ಹಾಕಿದವು. ಲೆಕ್ಕ ಮುಗಿಯುವ ದಿನ ಮಾತ್ರ ಮೂರಕ್ಕೂ ಬೇರೆ. ಈ ಪ್ರಕರಣದ ಗಂಟು ಇದ್ದದ್ದು ಅಲ್ಲೇ.

ಪಶ್ಚಿಮಿ ಸ್ಟಾರ್‌ಗೆ ಕೊನೆಯ ದಿನ ಡಿಸೆಂಬರ್ 17. ಅವತ್ತು ರಾತ್ರಿ ಎಂಟಕ್ಕೆ ಪಶ್ಚಿಮದಲ್ಲಿ ಕದನ ವಿರಾಮ ಜಾರಿಯಾಯಿತು. ಅಲ್ಲಿಗೆ ಬಾಗಿಲು ಮುಚ್ಚಿತು. ಡಿಸೆಂಬರ್ 18ಕ್ಕೆ ಗಡಿಗೆ ಬಂದವರಿಗೆ ಆ ಸ್ಟಾರ್ ಇಲ್ಲ.

ಪೂರ್ವಿ ಸ್ಟಾರ್‌ಗೆ ಕೊನೆಯ ದಿನ 1972ರ ಮಾರ್ಚ್ 25. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು ನಿಜ. ಆದರೆ ಅವತ್ತಿಗೆ ಕೆಲಸ ಮುಗಿಯಲಿಲ್ಲ. ಸುಮಾರು 93,000 ಸೆರೆಯಾಳುಗಳನ್ನು ಸಾಗಿಸಬೇಕು. ಪಾಕಿಸ್ತಾನದವರು ಹಿಂದೆ ಸರಿಯುವಾಗ ಕೆಡವಿದ ಸೇತುವೆಗಳು, ಗದ್ದೆಗಳಲ್ಲಿ ಹೂತ ಮೈನ್‌ಗಳು ಹಾಗೇ ಇವೆ. ನಮ್ಮ ಸೈನ್ಯ ಢಾಕಾದಲ್ಲಿ ಬೀಳ್ಕೊಡುಗೆ ಪರೇಡ್ ಮಾಡಿದ್ದೇ ಮಾರ್ಚ್ 12ಕ್ಕೆ. ಆ ನಡುವಿನ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಗೊತ್ತು ಮಾಡಿದ ಆ ಪ್ರದೇಶದಲ್ಲಿ, ಆ ಅವಧಿಯೊಳಗೆ, ಒಂದು ದಿನ ಇದ್ದರೂ ಸಾಕು. ವಿಮಾನದವರಿಗಾದರೆ ಮೂರು ಕಾರ್ಯಾಚರಣೆ ಹಾರಾಟ, ಇಲ್ಲವೇ ಹತ್ತು ಗಂಟೆ.

ಸಂಗ್ರಾಮ್ ಮೆಡಲ್‌ಗೆ ಇನ್ನೂ ದೂರ, 1972ರ ಡಿಸೆಂಬರ್ 20ರ ತನಕ. ಸಿಮ್ಲಾ ಒಪ್ಪಂದ ಆಗಿದ್ದು ಜುಲೈನಲ್ಲಿ. ಎರಡೂ ಕಡೆಯ ಸೈನ್ಯ ಗಡಿಯಿಂದ ಹಿಂದೆ ಸರಿದು ಮುಗಿದದ್ದು ಡಿಸೆಂಬರ್‌ನಲ್ಲಿ.

ನಾಯಕ್ ಅವರ ಎದೆಯ ಮೇಲಿರುವುದು ಪಶ್ಚಿಮಿ ಸ್ಟಾರ್. ಆವಾಗ ನನಗೆ ಅರ್ಥವಾಯಿತು. ಅವರು ದ್ವೇಷಕ್ಕೆ ಹೇಳಿದ್ದಲ್ಲ. ತಮ್ಮ ಸ್ಟಾರಿನ ಕೊನೆಯ ದಿನವನ್ನು ಇನ್ನೊಬ್ಬರ ಸ್ಟಾರಿಗೂ ಹಚ್ಚಿದ್ದರು. ಐವತ್ತು ವರ್ಷ ಆ ತಾರೀಕನ್ನು ಎದೆಯಲ್ಲಿ ಇಟ್ಟುಕೊಂಡವರು ಬೇರೆ ಥರ ಯೋಚಿಸುವುದು ಕಷ್ಟ, ಅಲ್ವಾ?

ಹಾಗಾಗಿ ಸಂಕ್ರಾಂತಿ ಆದ ಮೇಲೆ ಹೋದವರಿಗೂ ಸ್ಟಾರ್ ಬರುತ್ತೆ. ಗೊತ್ತು ಮಾಡಿದ ಆ ಪ್ರದೇಶಕ್ಕೆ ಹೋಗಿದ್ದರೆ.

ಅಜ್ಜಿ ಹೇಳಿದ್ದು

ಎರಡನೆಯ ಪ್ರಶ್ನೆಗೆ ಅವರ ಊರಿಗೇ ಹೋದೆ. ಡಿಸ್ಚಾರ್ಜ್ ಬುಕ್ ಸಿಕ್ಕಿದ್ದರೆ ಕೆಲಸ ಸುಲಭ ಇತ್ತು, ಅದರಲ್ಲಿ ಮೆಡಲ್‌ಗಳ ಪಟ್ಟಿಗೆ ಜಾಗ ಇರುತ್ತೆ. ಟ್ರಂಕಿನ ತಳದಲ್ಲಿ ಬುಕ್ ಇತ್ತು. ಗೆದ್ದಲು ಮೊದಲೇ ಓದಿ ಮುಗಿಸಿತ್ತು. ನಡುವಿನ ಹಾಳೆಗಳು ಜರಡಿಯಂತೆ.

ಅಜ್ಜಿ ಪಡಸಾಲೆಯಲ್ಲಿ ಅವರೆಕಾಯಿ ಹಿಚುಕುತ್ತಾ ಕೂತಿದ್ದರು, ಯಾರೋ ಮುಂಚೆಯೇ ಬೆಳೆದ ಕಾಯಿ ತಂದುಕೊಟ್ಟಿದ್ದರಂತೆ. ನಮ್ಮ ಕಡೆ ಮನೆಮಾತು ತೆಲುಗು, ಓದು ಬರಹ ಕನ್ನಡ. ಅಜ್ಜಿ ಎರಡನ್ನೂ ಬೆರೆಸಿ ಮಾತಾಡಿದರು. ನಾನು ಕೇಳಿದ್ದು ಒಂದೇ: "ಅಮ್ಮಾ, ಅವರು ಆ ಯುದ್ಧದಲ್ಲಿ ಎಲ್ಲಿದ್ದರು?"

"ಆಸ್ಪತ್ರೆಯಲ್ಲಿದ್ರಪ್ಪಾ. ಕಾಮಾಲೆ. ಅವರ ಜೊತೆಯವರೆಲ್ಲ ಹೋದ್ರು, ಇವರೊಬ್ಬರು ಮಿಲಿಟರಿ ಆಸ್ಪತ್ರೆ ಮಂಚದ ಮೇಲೆ. ಸಂಕ್ರಾಂತಿ ಆದ ಮೇಲೆ ಕಳಿಸಿದ್ರು. ಯುದ್ಧ ಮಾಡ್ದೆ ಅಂತ ಅವರು ಯಾವತ್ತೂ ಹೇಳಿಲ್ಲ. ಹಂಗೆ ಹೇಳಿದ್ದು ಮೊಮ್ಮಕ್ಕಳು."

ಹುಡುಗ ತಲೆ ತಗ್ಗಿಸಿದ.

ಅಜ್ಜಿ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದರು. ಒಳಗೆ ನಾಲ್ಕು ಇನ್‌ಲ್ಯಾಂಡ್ ಲೆಟರ್. ಒಂದರ ಮೇಲೆ 1972ರ ಫೆಬ್ರವರಿ ತಾರೀಕು. ಕಳಿಸಿದವರ ವಿಳಾಸದಲ್ಲಿ ಊರಿನ ಹೆಸರಿಲ್ಲ, 99 ಎಪಿಒ ಅಂತ ಮಾತ್ರ. ಎಪಿಒ ಅಂದರೆ ಸೈನ್ಯದ ಅಂಚೆ ಕಚೇರಿ. ಸೈನ್ಯದ ಅಂಚೆಗೆ ಊರು ಬರೆಯುವ ಹಾಗಿಲ್ಲ. 56 ಎಪಿಒ ಅಂದರೆ ಉತ್ತರ, ಪಶ್ಚಿಮದ ಕಡೆ. 99 ಎಪಿಒ ಅಂದರೆ ಪೂರ್ವ. ಒಳಗೆ ಗುಂಡು ಗುಂಡು ಕನ್ನಡ ಅಕ್ಷರ. ಮಳೆ ಆಯ್ತಾ, ಎಮ್ಮೆ ಕರು ಹಾಕಿತಾ ಅಂತ ಕೇಳಿದ್ದರು. ಆಮೇಲೆ ಒಂದು ಸಾಲು: ಇಲ್ಲಿನ ಹೊಳೆ ಆಚೆ ದಡ ಕಾಣದಷ್ಟು ಅಗಲ, ಅರ್ಧ ಹೊಳೆ ನಮ್ಮ ಕೆರೆಗಳಿಗೆ ಬಂದಿದ್ದರೆ ಸಾಕಿತ್ತು ಅಂತ. ಬಯಲುಸೀಮೆಯ ಮನುಷ್ಯ ಇನ್ನೇನು ಬರೆದಾರು. ಆ ಸಾಲನ್ನು ನಾನು ಎರಡು ಸಲ ಓದಿದೆ.

ಆದರೂ ಅದು ಸಾಕ್ಷಿ ಆಗಲ್ಲ. 99 ಎಪಿಒ ಅಂದರೆ ಅಸ್ಸಾಂ ಕೂಡ ಆಗಬಹುದು, ಬಂಗಾಳ ಕೂಡ. ಅಗಲದ ಹೊಳೆ ಅಲ್ಲೂ ಇದೆ.

ಸ್ಟಾರ್ ಬಗ್ಗೆ ಕೇಳಿದಾಗ ಅಜ್ಜಿ ಒಂದು ಗಳಿಗೆ ಸುಮ್ಮನಾದರು. ಒರಿಜಿನಲ್ ಕಳೆದುಹೋಗಿತ್ತು. ಒಂದು ಜನವರಿ 26ಕ್ಕೆ ತಾಲ್ಲೂಕು ಮೈದಾನಕ್ಕೆ ಮೆಡಲ್ ಹಾಕಿಕೊಂಡು ಹೋಗಿದ್ದರು. ವಾಪಸ್ ಬಸ್ ಇಳಿದು ನೋಡಿದರೆ ಮೊದಲಿನದ್ದು ಇಲ್ಲ, ಹೊಲಿಗೆ ಬಿಚ್ಚಿಕೊಂಡಿತ್ತು. ಮತ್ತೆ ಅದೇ ದಾರಿಯಲ್ಲಿ ನಡೆದುಕೊಂಡು ಹೋಗಿ ಮೈದಾನ ಪೂರ್ತಿ ಹುಡುಕಿದರಂತೆ. "ಎರಡು ದಿನ ಊಟ ಮಾಡ್ಲಿಲ್ಲ. ಆ ಸಲ ಗೂಡು ಮಾರಿದ ದುಡ್ಡಲ್ಲಿ ಬೆಂಗಳೂರಿಗೆ ಹೋಗಿ ಇದನ್ನ ತಂದ್ರು."

ಕಾಗದ

ಅಜ್ಜಿಯ ಹೆಸರಲ್ಲಿ ಅವರ ರೆಕಾರ್ಡ್ ಆಫೀಸಿಗೆ ಒಂದು ಅರ್ಜಿ ಬರೆದೆ. ನಂಬರ್, ರ‍್ಯಾಂಕ್, ಹೆಸರು, ನಿವೃತ್ತಿಯ ತಾರೀಕು. ಜೊತೆಗೆ ಪಿಪಿಒ, ಅಂದರೆ ಪಿಂಚಣಿ ಆದೇಶದ ನಕಲು, ಮರಣ ಪ್ರಮಾಣಪತ್ರದ ನಕಲು, ಅಜ್ಜಿಯ ಗುರುತಿನ ಚೀಟಿ. ಪಿಪಿಒನಲ್ಲಿದ್ದ ನಂಬರ್ ಮತ್ತು ಸಂಗ್ರಾಮ್ ಮೆಡಲ್ ಅಂಚಿನ ನಂಬರ್ ಒಂದೇ ಅಂತ ಮೊದಲು ತಾಳೆ ನೋಡಿದೆ. ಕೇಳಿದ್ದು ಇಷ್ಟೇ: ಇವರ ದಾಖಲೆಯಲ್ಲಿ ಯಾವ್ಯಾವ ಮೆಡಲ್ ನಮೂದಾಗಿವೆ, ಅದರ ಪ್ರತಿ ಕೊಡಿ. ಸ್ಟಾರ್ ಇದೆಯಾ ಅಂತ ಕೇಳಲಿಲ್ಲ. ಉತ್ತರ ಹೀಗೇ ಬರಲಿ ಅಂತ ಪ್ರಶ್ನೆಯನ್ನು ಬಗ್ಗಿಸಬಾರದು.

ಒಬ್ಬ ಸೈನಿಕನ ಬದುಕಿನಲ್ಲಿ ಏನೇ ಆದರೂ ಅದು ಪಾರ್ಟ್ ಟು ಆರ್ಡರ್ ಅನ್ನುವ ಆದೇಶದ ಕಾಗದದಲ್ಲಿ ಬರಬೇಕು. ಮದುವೆ ಆದರೆ, ಮಗು ಹುಟ್ಟಿದರೆ, ಆಸ್ಪತ್ರೆ ಸೇರಿದರೆ, ಬಡ್ತಿ ಸಿಕ್ಕರೆ, ಮೆಡಲ್ ಬಂದರೆ. ಅದರಲ್ಲಿ ಬಂದದ್ದು ಅವನ ದಾಖಲೆಗೆ ಏರುತ್ತದೆ. ಎದೆಯ ಮೇಲಿನ ಲೋಹ ಕಳೆಯಬಹುದು, ಅಂಗಡಿಯಲ್ಲಿ ಇನ್ನೊಂದು ಸಿಗಬಹುದು. ಆ ಒಂದು ಸಾಲು ಅಂಗಡಿಯಲ್ಲಿ ಸಿಗಲ್ಲ. ಎಷ್ಟೋ ರಾತ್ರಿ ಲಾಟೀನು ಬೆಳಕಿನಲ್ಲಿ ಕೂತು ಆ ಸಾಲುಗಳನ್ನು ಟೈಪ್ ಮಾಡಿದ್ದೇನೆ. ಒಂದು ತಾರೀಕು ತಪ್ಪಾದರೆ ಯಾರದೋ ಮನೆಯಲ್ಲಿ ನಲವತ್ತು ವರ್ಷ ಆದ ಮೇಲೆ ಹೀಗೊಂದು ದಿನ ಬರುತ್ತೆ ಅಂತ ಆಗಲೂ ಗೊತ್ತಿತ್ತು.

ಎರಡು ತಿಂಗಳಿಗೆ ಉತ್ತರ ಬಂತು. ಒಂದೇ ಹಾಳೆ. ಆರು ಮೆಡಲ್‌ಗಳ ಹೆಸರು, ಪ್ರತಿಯೊಂದರ ಎದುರು ಆರ್ಡರ್ ನಂಬರ್, ವರ್ಷ. ಮೊದಲ ಸಾಲು ಪೂರ್ವಿ ಸ್ಟಾರ್, 1974.

ಹುಡುಗನಿಗೆ ಫೋನ್ ಮಾಡಿದೆ. ಅವನು ಮಾತಾಡಲಿಲ್ಲ. ಹಿಂದೆ ಯಂತ್ರದ ಸದ್ದು ಮಾತ್ರ ಕೇಳಿಸುತ್ತಿತ್ತು.

ಚೀಟಿ

ಇನ್ನೊಂದು ಕೆಲಸ ಬಾಕಿ ಇತ್ತು. ಹುಡುಗನ ಚೀಟಿಯಲ್ಲಿ ಶೌರ್ಯ ಪದಕ ಅಂತಿತ್ತಲ್ಲ, ಅದೂ ತಪ್ಪು. ಶೌರ್ಯದ ಪ್ರಶಸ್ತಿ ಬೇರೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಇವು ಒಬ್ಬ ಮನುಷ್ಯ ಒಂದು ಹೊತ್ತಿನಲ್ಲಿ ಮಾಡಿದ ಒಂದು ಕೆಲಸಕ್ಕೆ ಸಿಗುವಂಥವು. ಅವನು ಏನು ಮಾಡಿದ ಅಂತ ಬರೆದ ಸೈಟೇಶನ್ ಜೊತೆಗಿರುತ್ತೆ. 1971ರ ಯುದ್ಧದಲ್ಲಿ ಪರಮವೀರ ಚಕ್ರ ಬಂದದ್ದು ನಾಲ್ವರಿಗೆ: ಆಲ್ಬರ್ಟ್ ಎಕ್ಕಾ, ಅರುಣ್ ಖೇತ್ರಪಾಲ್, ಹೋಶಿಯಾರ್ ಸಿಂಗ್, ನಿರ್ಮಲ್ ಜಿತ್ ಸಿಂಗ್ ಸೇಖೋನ್. ಹೋಶಿಯಾರ್ ಸಿಂಗ್ ಒಬ್ಬರೇ ಬದುಕಿದ್ದು ಅದನ್ನು ಪಡೆದವರು. ಸೇವಾ ಮೆಡಲ್ ಕೇಳುವ ಪ್ರಶ್ನೆ ಬೇರೆ: ಎಲ್ಲಿದ್ದೆ, ಯಾವಾಗ ಇದ್ದೆ, ಎಷ್ಟು ದಿನ ಇದ್ದೆ. ಅಡುಗೆ ಮಾಡಿದವನಿಗೂ ಅದೇ ಸ್ಟಾರ್, ಗುಂಡು ಹಾರಿಸಿದವನಿಗೂ ಅದೇ.

ಇದನ್ನು ಹೇಳಿದಾಗ ಹುಡುಗ ಸ್ವಲ್ಪ ಸಪ್ಪಗಾದ. "ಹಂಗಾದ್ರೆ ತಾತ ಏನೂ ಮಾಡ್ಲಿಲ್ವಾ ಸಾರ್?" ಅಂತ ಕೇಳಿದ.

ನಾನು ಉತ್ತರ ಹೇಳುವ ಮೊದಲೇ ನಾಯಕ್ ಹೇಳಿದರು. ಅವತ್ತು ಅವರನ್ನೂ ಕರೆದಿದ್ದೆ. ರೆಕಾರ್ಡ್ ಆಫೀಸಿನ ಹಾಳೆಯನ್ನು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದ್ದರು. ನನ್ನ ನೋಟ್‌ಬುಕ್‌ನ ತಾರೀಕುಗಳ ಮೇಲೆ ಬೆರಳಿಟ್ಟು ನೋಡಿದ್ದರು. ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ ಹುಡುಗನ ಕಡೆ ತಿರುಗಿದರು.

"ಮೈನ್ ತೆಗೆಯೋರು ಹೆಂಗೆ ಕೆಲಸ ಮಾಡ್ತಾರೆ ಗೊತ್ತೇನಪ್ಪಾ? ನೆಲದ ಮೇಲೆ ಬೋರಲು ಮಲಗಿ, ಕಡ್ಡಿ ಓರೆ ಹಿಡ್ಕೊಂಡು, ಗೇಣು ಗೇಣು ಚುಚ್ಚಿ ನೋಡ್ತಾ ಮುಂದಕ್ಕೆ ಹೋಗ್ಬೇಕು. ಯುದ್ಧ ಮುಗಿದಿದೆ ಅಂತ ಮೈನ್‌ಗೆ ಗೊತ್ತಿರಲ್ಲ. ನಿಮ್ಮ ತಾತ ಹೋದ ಮೇಲೇ ಅಲ್ಲಿ ರೈತರು ಗದ್ದೆಗೆ ಇಳಿದಿದ್ದು." ಅಷ್ಟು ಹೇಳಿ ಅಜ್ಜಿಗೆ ಕೈಮುಗಿದರು. "ತಪ್ಪಾಯ್ತು ತಾಯಿ. ತಾರೀಕು ನನಗೆ ಗೊತ್ತಿರಲಿಲ್ಲ." ಡೇರಿ ಹತ್ತಿರ ಹೋಗಿ ತಾವೇ ಹೇಳುತ್ತೇನೆ ಅಂದರು, ಹೇಳಿದರು ಕೂಡ.

ಕಳೆದ ಮೆಡಲ್‌ಗೆ ಬದಲಿ ಕೇಳಿ ಅರ್ಜಿ ಹಾಕೋಣವಾ ಅಂತ ಅಜ್ಜಿಯನ್ನು ಕೇಳಿದೆ. ಹಾಳೆ ಕೈಯಲ್ಲಿರುವಾಗ ಕೇಳಲು ಅಡ್ಡಿಯಿರಲಿಲ್ಲ. ಅಜ್ಜಿ ಬೇಡ ಅಂದರು. "ಅದು ಸರ್ಕಾರ ಕೊಟ್ಟಿದ್ದು, ಕಳೀತು. ಇದು ಅವರು ಗೂಡು ಮಾರಿ ತಂದಿದ್ದು. ಇದೇ ಇರಲಿ."

ಹೊಸ ಚೀಟಿಯನ್ನು ಹುಡುಗನೇ ಬರೆದ, ಈ ಸಲ ಕೈಬರಹದಲ್ಲಿ. ಆರು ಮೆಡಲ್‌ಗಳ ಹೆಸರು, ಎದುರಿಗೆ ಯಾತಕ್ಕೆ ಬಂದದ್ದು ಅಂತ. ಪೂರ್ವಿ ಸ್ಟಾರ್ ಎದುರಿಗೆ "1972ರ ಆರಂಭದಲ್ಲಿ ಬಾಂಗ್ಲಾದೇಶದಲ್ಲಿ ಮೈನ್ ತೆಗೆಯುವ ಕೆಲಸ. ಇದು ನಕಲು, ಮೂಲ ಕಳೆದಿದೆ" ಅಂತ ಬರೆದಿದ್ದಾನೆ. ನಕಲು ಅಂತ ಬರೆಯಲು ನಾನು ಹೇಳಿರಲಿಲ್ಲ.

ಫ್ರೇಮ್ ಹಾಕುವ ಬಡಗಿಗೆ ನಾನು ಹೇಳಿದ್ದು ಒಂದೇ ಮಾತು. ಹಿಂದಿನ ರಟ್ಟಿಗೆ ಮೊಳೆ ಬೇಡ, ಎರಡು ಕೊಂಡಿ ಸಾಕು. ಬೇಕಾದಾಗ ತೆಗೆದು ಅಂಚು ಓದುವ ಹಾಗಿರಲಿ. ರೆಕಾರ್ಡ್ ಆಫೀಸಿನ ಹಾಳೆಯ ಒಂದು ಪ್ರತಿಯನ್ನು ಮಡಿಸಿ ಆ ರಟ್ಟಿನ ಒಳಗೇ ಇಟ್ಟಿದ್ದೇವೆ. ಇನ್ನೊಂದು ಪ್ರತಿ ಅಜ್ಜಿಯ ಪ್ಲಾಸ್ಟಿಕ್ ಕವರ್‌ನಲ್ಲಿ, ಹೊಳೆಯ ಬಗ್ಗೆ ಬರೆದ ಇನ್‌ಲ್ಯಾಂಡ್ ಲೆಟರ್ ಜೊತೆ ಇದೆ.